ಬೆನ್ನು ಮಾತ್ರ

ಕೊಡೆಯ ಚೂಪು ತುದಿ ಸೊಳ್ಳೆಯ ಗಂಟಲಿಗೆ ತಾಗಿ ನಿಂತಿತು.

"ನಾನು! ನಾನು ಕಣೇ ಅಕ್ಕಾ!"

ಅಕ್ಕ ಕೊಡೆ ಇಳಿಸಲಿಲ್ಲ. ಮೊದಲು, ಎಲ್ಲರೂ ಸೊಳ್ಳೆ ಅಂತ ಕರೆಯುವ ತಂಗಿಯ ಮುಖ ನೋಡಿದಳು, ಆಮೇಲೆ ತಂಗಿಯ ಭುಜದಾಚೆಗೆ ಬೀದಿಯ ತುದಿಯವರೆಗೂ ನೋಡಿದಳು. ಅಲ್ಲಿ ಒಂದು ವ್ಯಾನು ನಿಂತಿತ್ತು, ಅದರ ನೆರಳಲ್ಲಿ ಒಂದು ಬೆಕ್ಕು. ಬೇರೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಕೊಡೆ ಕೆಳಗಿಳಿಯಿತು.

"ಕತ್ತೆ. ಕಣ್ಣು ಹೋಗ್ತಿತ್ತು ನಿಂದು."

"ಗಂಟಲು," ಅಂದಳು ಸೊಳ್ಳೆ, ಅದನ್ನು ಉಜ್ಜಿಕೊಳ್ಳುತ್ತಾ. "ಕಣ್ಣು ಇನ್ನೂ ಸ್ವಲ್ಪ ಮೇಲಿದೆ. ಕನ್ನಡಕದ ಅಂಗಡೀಲಿ ಕೆಲಸ ಮಾಡ್ತೀಯ, ಇಷ್ಟಾದ್ರೂ ಗೊತ್ತಿರಬೇಡ್ವಾ?"

ಅಕ್ಕ ನಗಲಿಲ್ಲ. ಸೊಳ್ಳೆಯ ಎದೆಗೆ ಒತ್ತಿಕೊಂಡಿದ್ದ ಫೋನಿನ ಕೆಂಪು ಚುಕ್ಕೆ ಅವಳಿಗೆ ಕಂಡಿತ್ತು.

"ಎಲ್ಲಿಂದ ಬರ್ತಿದೀಯ ನನ್ನ ಹಿಂದೆ?"

"ಬಸ್ ಸ್ಟಾಪಿಂದ. ಸಿನಿಮಾಗೆ. ಥ್ರಿಲ್ಲರ್. ಬರೀ ಶುರುವಿನ ಭಾಗ ಮಾಡಬೇಕು, ಎರಡೇ ನಿಮಿಷ. ಒಬ್ಬಳು ಮನೆಗೆ ನಡ್ಕೊಂಡು ಹೋಗ್ತಾ ಇರ್ತಾಳೆ, ಅವಳ ಹಿಂದೆ ಯಾರೋ. ನಿಂಗೆ ಮೊದಲೇ ಹೇಳಿದ್ರೆ ನೀನು ಮದುವೆ ಫೋಟೋಗೆ ನಿಂತ ಹಾಗೆ ನಡೀತಿದ್ದೆ. ಅದಕ್ಕೇ."

"ಮುಖ ಬಂದಿದೆಯಾ?"

"ಇಲ್ಲ. ಬೆನ್ನು ಮಾತ್ರ."

ಅಕ್ಕ ಫೋನು ಕಿತ್ತುಕೊಂಡು ಪೂರ್ತಿ ನೋಡಿದಳು. ಅದರಲ್ಲಿ ಬೆನ್ನು, ಜಡೆ, ಹೆಗಲಿನ ಕಂದು ಚೀಲ, ಪಕ್ಕದಲ್ಲಿ ಸರಿಯುವ ಗೋಡೆಗಳು. ಕೊನೆಗೆ ಈ ಬೀದಿ. ಒಂದೇ ಅಚ್ಚಿನ ಮನೆಗಳು, ಎಲ್ಲಕ್ಕೂ ಅದೇ ಹಸಿರು ಬಾಗಿಲು. ತನ್ನ ಬಾಗಿಲು ತಲುಪುವ ಮೊದಲೇ ಅವಳು ತಿರುಗಿ ಕೊಡೆ ಎತ್ತಿದ್ದಳು, ಚಿತ್ರ ಅಲ್ಲಿಗೆ ಆಕಾಶಕ್ಕೆ ಹಾರಿ ನಿಂತಿತ್ತು.

"ಮುಖ ಬರಕೂಡದು," ಅಂದಳು ಫೋನು ವಾಪಸ್ ಕೊಡುತ್ತಾ. "ಆಣೆ ಮಾಡು."

ಸೊಳ್ಳೆ ಆಣೆ ಮಾಡಿದಳು. ಬೆನ್ನು ನೋಡಿ ಯಾರು ಗುರುತು ಹಿಡೀತಾರೆ ಅನ್ನೋದು ಅವಳ ಧೈರ್ಯ.

ಅಕ್ಕ ಗಂಡನ ಮನೆ ಬಿಟ್ಟು ಬಂದ ಮೇಲೆ ನಂಬರು ಬದಲಾಯಿಸಿದ್ದು, ಊರಿನ ಈ ಮೂಲೆಗೆ ಬಂದು ಸೇರಿದ್ದು, ಇದೆಲ್ಲ ಅಮ್ಮನಿಗೂ ಸೊಳ್ಳೆಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಭಾವ ಒಂದು ದಿನವೂ ಕೈ ಎತ್ತಿದವರಲ್ಲ. ಸ್ಟೇಷನ್ನಿನಲ್ಲಿ ಅಕ್ಕನನ್ನು ಕೇಳಿದ್ದೂ ಅದೇ: ಹೊಡೆದರಾ? ಇಲ್ಲ ತಾನೆ? ಮತ್ತೇನು? ಮತ್ತೇನು ಅಂತ ಹೇಳೋದು ಅಕ್ಕನಿಗೆ ಬರಲಿಲ್ಲ. ಅವಳು ಅಂಗಡಿಗೆ ಹೋದರೆ ಆತ ಎದುರಿನ ಫುಟ್‌ಪಾತಿನಲ್ಲಿ ನಿಂತಿರುತ್ತಿದ್ದ. ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತಿರುತ್ತಿದ್ದ, ಸುಮ್ಮನೆ. ಯಾಕೆ ಅಂತ ಕೇಳಿದರೆ, "ನಿನ್ನ ನೋಡಬೇಕು ಅನ್ನಿಸ್ತು" ಅನ್ನುತ್ತಿದ್ದ.

ಕಾಲೇಜಿನಲ್ಲಿ ಸಿನಿಮಾ ಪಾಠ ಮಾಡುವ ಮೇಡಂದು ಒಂದು ನಿಯಮ. ಯೋಜನೆಯ ಪ್ರತಿ ಹೆಜ್ಜೆಯೂ ಕಾಲೇಜಿನ ವೆಬ್‌ಸೈಟಿನಲ್ಲಿ ಅವರವರ ಪುಟಕ್ಕೆ ಏರಬೇಕು: ಕಥೆ, ಸ್ಥಳದ ಫೋಟೋ, ನಕ್ಷೆ, ಬೆಳಕು ಎಷ್ಟೊತ್ತಿಗೆ ಎಲ್ಲಿ ಬೀಳುತ್ತೆ ಅನ್ನೋದು, ಚೌಕಗಳಲ್ಲಿ ಬರೆದ ಶಾಟುಗಳು. ಪುಟ ಲೋಕಕ್ಕೆಲ್ಲ ತೆರೆದಿರಬೇಕು. ನೋಡಿದವರು ಏನಂದರು, ಅದನ್ನು ಕೇಳಿ ನೀವೇನು ಬದಲಾಯಿಸಿದಿರಿ, ಅದೂ ಅಲ್ಲಿರಬೇಕು. "ಕ್ಯಾಮೆರಾ ಯಾರು ಬೇಕಾದ್ರೂ ಹಿಡೀತಾರೆ," ಅನ್ನುತ್ತಿದ್ದರು ಮೇಡಂ. "ನಾನು ಮಾರ್ಕ್ಸ್ ಕೊಡೋದು ತಯಾರಿಗೆ."

ಸೊಳ್ಳೆ ತಯಾರಿಯಲ್ಲಿ ಮುಳುಗಿಹೋದಳು. ಅಕ್ಕ ನಡೆದ ಬೀದಿಗಳ ಫೋಟೋ ತೆಗೆದಳು, ನಕ್ಷೆಯ ಮೇಲೆ ಕೆಂಪು ಗೆರೆ ಎಳೆದಳು, ಹಸಿರು ಬಾಗಿಲುಗಳ ಬೀದಿಗೆ ಸಂಜೆಯ ಬೆಳಕು ಎಷ್ಟು ಹೊತ್ತಿಗೆ ಬರುತ್ತೆ ಅಂತ ಬರೆದಳು. ಅಕ್ಕ ಮನೆಗೆ ಬರುವುದೂ ಅದೇ ಹೊತ್ತಿಗೆ. ವಿಡಿಯೋ ಹಾಕಿದಳು. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ತನ್ನ ಹೆಸರನ್ನು ಮಾತ್ರ, ನಿರ್ದೇಶಕಿ ಅನ್ನುವ ಪದದ ಪಕ್ಕ, ಸಾಧ್ಯವಾದಷ್ಟು ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಳು.

ಕೆಳಗೆ ಒಂದು ಪ್ರಶ್ನೆ: ಈ ದೃಶ್ಯದಲ್ಲಿ ನಿಮಗೆ ಭಯ ಹುಟ್ಟಿಸಿದ್ದು ಯಾವುದು?

ಅವಳ ಕ್ಯಾಮೆರಾಮನ್ ಗೂಬೆ (ಕತ್ತು ಪೂರ್ತಿ ತಿರುಗಿಸಿ ನೋಡುವ ಅಭ್ಯಾಸಕ್ಕೆ ಬಿದ್ದ ಹೆಸರು) ಉತ್ತರಗಳನ್ನು ಎಡಿಟಿಂಗ್ ರೂಮಿನಲ್ಲಿ ಜೋರಾಗಿ ಓದುತ್ತಿದ್ದ. "'ನಿಮ್ಮ ಕೈ ನಡುಕ.' 'ಮೇಡಂ ಕೊಡೋ ಮಾರ್ಕ್ಸ್.' 'ಆ ಬೆಕ್ಕು.' ಲೇ, ಬೆಕ್ಕಿಗೆ ಹೆದರೋನು ಯಾವನೋ?"

"ಮುಂದಿನದು ಓದು."

"'ಬೀದಿಗೆ ತಿರುಗುವ ಮುಂಚೆ ಅವಳು ಒಂದು ಕ್ಷಣ ನಿಲ್ಲಲಿ. ಚಪ್ಪಲಿ ಸರಿಮಾಡಿಕೊಳ್ಳುವಂತೆ. ಅವಳು ಸರಿಮಾಡಿಕೊಳ್ಳುತ್ತಿಲ್ಲ, ಹಿಂದಿನ ಸದ್ದು ಕೇಳಿಸಿಕೊಳ್ಳುತ್ತಿದ್ದಾಳೆ.'" ಗೂಬೆಯ ಕತ್ತು ತಿರುಗಿತು. "ಯಾರೇ ಇದು? ಹೆಸರಿಲ್ಲ."

ಸೊಳ್ಳೆ ಆಗಲೇ ಹೊಸ ಚೌಕ ಬರೆಯತೊಡಗಿದ್ದಳು. ಬಗ್ಗಿದ ಹೆಂಗಸು, ಬೆರಳು ಚಪ್ಪಲಿಯ ಮೇಲೆ, ಕಿವಿ ಹಿಂದಕ್ಕೆ.

ಮಾರನೇ ದಿನ ಆ ಹೆಸರಿಲ್ಲದವನು ಮತ್ತೆ ಬರೆದಿದ್ದ. ಕ್ಯಾಮೆರಾ ಅಷ್ಟು ಹತ್ತಿರ ಹೋಗಬಾರದು, ಹಿಂಬಾಲಿಸುವವನಿಗೆ ಅವಸರ ಇರುವುದಿಲ್ಲ. ಅದರ ಮರುದಿನ: ಬೀಗದ ಕೈ ಎಡಗೈಯಲ್ಲಿರಲಿ, ಬೆರಳುಗಳ ನಡುವೆ ಹಲ್ಲಿನಂತೆ ಹೊರಗೆ ಕಾಣಲಿ.

"ದೊಡ್ಡ ಕೈ ಕಣೇ ಇದು," ಅಂದ ಗೂಬೆ. "ಇಂಡಸ್ಟ್ರೀಲಿ ಇರೋರು ಯಾರೋ."

ಮೇಡಂ ಆ ಉತ್ತರಗಳನ್ನು ತರಗತಿಯ ಪರದೆಯ ಮೇಲೆ ಹಾಕಿ ತೋರಿಸಿದರು. ಪ್ರೇಕ್ಷಕ ಅಂದರೆ ಹೀಗಿರಬೇಕು, ಅವರ ಮಾತಿಗೆ ಕಿವಿಕೊಡೋದು ಅಂದರೆ ಹೀಗೆ ಅಂತ ಸೊಳ್ಳೆಯನ್ನು ಎದ್ದು ನಿಲ್ಲಿಸಿದರು. ಅವಳು ಉಬ್ಬಿಹೋದಳು. ಆ ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಪುಟದಲ್ಲಿ ಬರೆದಳು: ಧನ್ಯವಾದಗಳು. ನಿಮ್ಮ ಸಲಹೆಯನ್ನೆಲ್ಲ ಸೇರಿಸಿಕೊಂಡಿದ್ದೇವೆ. ಇನ್ನೇನಾದರೂ ಇದೆಯೇ?

ಉತ್ತರ ಕೂಡಲೇ ಬಂತು.

ಇದೆ. ಕಂದು ಚೀಲ ಬೇಡ. ನೀಲಿಯದು ಅವಳಿಗೆ ಒಪ್ಪುತ್ತಿತ್ತು. ಅದು ಇಲ್ಲೇ ಮೊಳೆಗೆ ನೇತುಹಾಕಿದೆ.

ಸೊಳ್ಳೆ ಅದನ್ನು ಓದಿದಳು. ಮತ್ತೆ ಓದಿದಳು. ನೀಲಿ ಚೀಲ ವಿಡಿಯೋದಲ್ಲಿರಲಿಲ್ಲ, ಫೋಟೋಗಳಲ್ಲಿರಲಿಲ್ಲ, ಚೌಕಗಳಲ್ಲಿರಲಿಲ್ಲ. ನೀಲಿ ಚೀಲವನ್ನು ಅವಳೇ ಅಕ್ಕನ ಮದುವೆಗೆ ಅಂತ ಹೊಲಿದಿದ್ದಳು, ಜಿಪ್ಪು ಓರೆಯಾಗಿ. ಅಕ್ಕ ಬರಿಗೈಯಲ್ಲಿ ಹೊರಟು ಬಂದ ದಿನ ಅದು ಆ ಮನೆಯಲ್ಲೇ ಉಳಿದಿತ್ತು.

ಸೊಳ್ಳೆ ಪುಟವನ್ನೇ ಅಳಿಸಿದಳು. ಆಮೇಲೆ ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೀದಿ ಹೆಸರು ಇತ್ತಾ?"

"ಇತ್ತು."

"ನಾನು ಬರೋ ಹೊತ್ತು?"

"ಬೆಳಕಿಗೋಸ್ಕರ ಹಾಕಿದ್ದೆ..."

"ಬಾಗಿಲು?"

"ಇಲ್ಲ ಅಕ್ಕಾ. ಬಾಗಿಲು ಎಲ್ಲೂ ಬಂದಿಲ್ಲ. ನನ್ನಾಣೆ. ಗೂಬೆಗೂ ಗೊತ್ತಿಲ್ಲ, ಅವನು ಆ ಕಡೆ ಬಂದೇ ಇಲ್ಲ."

ಆ ಕಡೆ ಏನೋ ಎಳೆಯುವ ಸದ್ದು. ಭಾರದ್ದೇನೋ, ನೆಲಕ್ಕೆ ಉಜ್ಜಿಕೊಂಡು. ಬಾಗಿಲಿಗೆ ಅಡ್ಡ ಇಡ್ತಿದಾಳೆ ಅಂತ ಸೊಳ್ಳೆಗೆ ಅರ್ಥವಾಯಿತು.

"ನಾನೀಗಲೇ ಬರ್ತೀನಿ."

"ಬರಬೇಡ," ಅಂದಳು ಅಕ್ಕ. ದನಿ ಚಪ್ಪಟೆಯಾಗಿತ್ತು. "ನೀನು ಬಂದ್ರೆ ನಿನ್ನ ಹಿಂದೆ ಬರ್ತಾರೆ. ನೀನೇ ದಾರಿ ತೋರಿಸಿದ ಹಾಗಾಗುತ್ತೆ. ಅಮ್ಮನಿಗೂ ಹೇಳು, ಯಾರೂ ಬರಬೇಡಿ. ಲೈಟು ಹಾಕಲ್ಲ ನಾನು."

ಮರುದಿನ ಸೊಳ್ಳೆ ಕ್ಲಾಸಿಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಡಿಟಿಂಗ್ ರೂಮಿಗೆ ಹೋಗಿ ಕಾಲೇಜಿನ ಕಂಪ್ಯೂಟರಿನಲ್ಲಿದ್ದ ವಿಡಿಯೋ ಅಳಿಸುತ್ತಾ ಕೂತಿದ್ದಳು. ಕಿಟಕಿಯೇ ಇಲ್ಲದ ಕೋಣೆ, ಗೋಡೆಗೆಲ್ಲ ಸದ್ದು ತಡೆಯುವ ಬೂದು ಸ್ಪಂಜು. ಪರದೆಯ ಮೇಲೆ ಅಕ್ಕನ ಬೆನ್ನು ನಿಂತಿತ್ತು. ಈ ಬೆನ್ನನ್ನು ಒಬ್ಬ ಮನುಷ್ಯ ದಿನವೂ ನೋಡಿಕೊಂಡೇ ಬದುಕಿದ್ದ. ಮುಖಕ್ಕಿಂತ ಹೆಚ್ಚಾಗಿ ಅದೇ ಅವನಿಗೆ ಗೊತ್ತಿತ್ತು. ಇದು ತನಗೆ ಹೊಳೆಯದೆ ಹೋದದ್ದು ಹೇಗೆ?

ಬಾಗಿಲು ತೆರೆಯಿತು. ಗೂಬೆಯ ಮುಖ ಅರಳಿತ್ತು.

"ಏಯ್ ಸೊಳ್ಳೆ, ಯಾರು ಬಂದಿದಾರೆ ನೋಡು! ನಮ್ಮ ದೊಡ್ಡ ಕೈ! ಗೇಟ್ ಹತ್ರ ನಿನ್ನ ಹೆಸರು ಕೇಳ್ತಾ ನಿಂತಿದ್ರು. ನಿಮ್ಮ ಕಡೆ ನೆಂಟರಂತೆ. ಮೊದಲೇ ಹೇಳೋದಲ್ವಾ?"

ಭಾವ ಒಳಗೆ ಬಂದು ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಸ್ಪಂಜಿನ ಗೋಡೆಗಳು ಹೊರಗಿನ ಸದ್ದನ್ನೆಲ್ಲ ನುಂಗಿದವು. ಇಸ್ತ್ರಿ ಮಾಡಿದ ಅಂಗಿ, ಆಗಷ್ಟೇ ಬಾಚಿದ ತಲೆ. ಕುರ್ಚಿ ಎಳೆದುಕೊಳ್ಳುವ ಮುಂಚೆ, "ಕೂತ್ಕೊಳ್ಳಲಾ ಪುಟ್ಟೀ?" ಅಂತ ಅನುಮತಿ ಕೇಳಿದರು.

ಸೊಳ್ಳೆ ಪರದೆ ಆರಿಸಿದಳು.

"ಯಾಕೆ ಆರಿಸ್ದೆ? ಚೆನ್ನಾಗಿತ್ತು." ಅವರು ನಕ್ಕರು. "ಪುಟ ಬೇರೆ ಅಳಿಸಿಬಿಟ್ಟಿದೀಯ. ನಿನ್ನೆ ರಾತ್ರಿಯಿಂದ ಆ ಬೀದೀಲೇ ಇದ್ದೆ. ನಿನ್ನ ಫೋಟೋದಲ್ಲಿದ್ದ ಹಾಗೇ ಇದೆ, ತುಂಬಾ ಚೆಂದ. ಆದ್ರೆ ಅವಳು ಯಾವ ಬಾಗಿಲಿಂದಲೂ ಹೊರಗೆ ಬರಲಿಲ್ಲ. ಕೆಲವರು ಲೈಟೇ ಹಾಕಲ್ಲ ಅನ್ಸುತ್ತೆ ಅಲ್ಲಿ."

"ರಾತ್ರಿಯೆಲ್ಲಾ ಅಲ್ಲಿದ್ರಾ?" ಗೂಬೆ ಬೆರಗಾದ. "ನೋಡೇ, ರೀಸರ್ಚ್ ಅಂದ್ರೆ ಇದು!"

"ನೀನು ಹೊರಗೆ ಹೋಗು," ಅಂದಳು ಸೊಳ್ಳೆ.

"ಇರಲಿ ಬಿಡು, ಒಳ್ಳೆ ಹುಡುಗ," ಅಂದರು ಭಾವ. "ಅವನಿಗೂ ಸಂಬಂಧಪಟ್ಟ ವಿಷಯಾನೇ. ಮನೆಯ ಒಳಗಿನ ದೃಶ್ಯಕ್ಕೆ ಜಾಗ ಸಿಕ್ಕಿಲ್ಲ ಅಂತ ಪುಟದಲ್ಲಿ ಬರೆದಿದ್ದೆ ಅಲ್ವಾ? ನಮ್ಮನೆ ತಗೊಳ್ಳಿ. ಆ ಮೆಟ್ಟಿಲು ನಿಂಗೆ ಎಷ್ಟು ಇಷ್ಟ ಅಂತ ನಂಗೊತ್ತು ಪುಟ್ಟಿ, ಬಂದಾಗಲೆಲ್ಲಾ ಕೆಳಗೆ ಮಲಗಿ ಫೋಟೋ ತೆಗೀತಿದ್ದೆ. ಎಷ್ಟು ದಿನ ಬೇಕಾದ್ರೂ ಇರಿ. ಗೋಡೆಗೆ ಬಣ್ಣ ಬಳೀರಿ, ಗಾಜು ಒಡೀರಿ, ನಾನು ಒಂದು ಮಾತೂ ಆಡಲ್ಲ. ಹಿಂಬಾಲಿಸೋನ ಪಾರ್ಟು ಬೇಕಾದ್ರೆ ನಾನೇ ಮಾಡ್ತೀನಿ."

ಗೂಬೆಯ ಕತ್ತು ಅವರಿಂದ ಸೊಳ್ಳೆಗೆ, ಸೊಳ್ಳೆಯಿಂದ ಅವರಿಗೆ ತಿರುಗಿತು. ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ: ಹೂಂ ಅನ್ನೇ.

"ನಾನು ಕೇಳೋದು ಒಂದೇ," ಅಂದರು ಭಾವ. ಮುಂದಕ್ಕೆ ಬಾಗಿ, ಮೇಜಿನ ಮೇಲಿದ್ದ ಧೂಳನ್ನು ಬೆರಳಲ್ಲಿ ಒರೆಸಿದರು. "ಅವಳ ಜೊತೆ ಒಂದು ಸಲ ಮಾತಾಡಬೇಕು. ಅಷ್ಟೇ. ಗಲಾಟೆ ಮಾಡೋನಲ್ಲ ನಾನು, ನಿಂಗೇ ಗೊತ್ತು. ಯಾವತ್ತಾದ್ರೂ ದನಿ ಏರಿಸಿದೀನಾ? ಎಲ್ಲಾ ಬಾಗಿಲೂ ತಟ್ಟಬಹುದು. ಆದ್ರೆ ಅಕ್ಕಪಕ್ಕದೋರ ಮುಂದೆ ಅವಳಿಗೇ ಮುಜುಗರ. ನೀನು ಯಾವುದು ಅಂತ ಹೇಳಿದ್ರೆ ಎಲ್ಲಾ ಸದ್ದಿಲ್ಲದೆ ಮುಗಿಯುತ್ತೆ."

ಸದ್ದಿಲ್ಲದೆ ಅನ್ನುವ ಮಾತು ಸ್ಪಂಜಿಗೆ ತಗುಲಿ ಅಲ್ಲೇ ಸತ್ತಿತು. ಗೂಬೆಯ ನಗು ಈಗ ಅರ್ಧಕ್ಕೆ ನಿಂತಿತ್ತು. ಅವನು ಗೋಡೆಗೆ ಒರಗಿದ.

ಅಕ್ಕ ಕತ್ತಲಲ್ಲಿ ಕೂತಿದ್ದಾಳೆ, ಬಾಗಿಲಿಗೆ ಏನನ್ನೋ ಅಡ್ಡ ಇಟ್ಟುಕೊಂಡು. ಈತ ಇಲ್ಲಿಂದ ಎದ್ದರೆ ನೇರ ಅಲ್ಲಿಗೇ ಹೋಗುತ್ತಾನೆ, ಹೇಳಿದರೂ, ಹೇಳದಿದ್ದರೂ.

"ಹೇಳು ಪುಟ್ಟಿ. ಮೆಟ್ಟಿಲು ನಿಂದೇ. ಯಾವ ಬಾಗಿಲು?"

"ಹೇಳಲ್ಲ," ಅಂದಳು ಸೊಳ್ಳೆ.