ಹದಿಮೂರು ಸಾವಿರ ಅಡಿಯಲ್ಲಿ ಒಂಟೆಯ ಸುದ್ದಿ

ಮಸ್ಕತ್ತಿನಲ್ಲಿ ಇಬ್ಬರು ಎದುರಾದರೆ ಸುದ್ದಿ ಕೇಳದೆ ಮುಂದೆ ಹೋಗುವ ಹಾಗಿಲ್ಲ. ಹಿರಿಯರು ಕೇಳಬೇಕು, ಕಿರಿಯರು ಹೇಳಬೇಕು. ಸುದ್ದಿ ಏನೂ ಇಲ್ಲದಿದ್ದರೂ "ಸುದ್ದಿ ಇಲ್ಲ, ಎಲ್ಲ ಕ್ಷೇಮ" ಎಂದಾದರೂ ಹೇಳಲೇಬೇಕು. ಆಮೇಲೆ "ಮತ್ತೇನು ಸುದ್ದಿ?" ಎಂದು ಇನ್ನೊಂದು ಸುತ್ತು. ನಡುವೆ ಬಾಯಿ ಹಾಕಿದವನಿಗೆ ಮನೆಯಲ್ಲಿ ಬುದ್ಧಿ ಕಲಿಸಿಲ್ಲ ಎನ್ನುತ್ತಾರೆ.

ಕ್ಯಾಪ್ಟನ್ ಖಲ್ಫಾನ್ ಅಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೂವತ್ತು ವರ್ಷದಿಂದ ವಿಮಾನ ಹಾರಿಸುತ್ತಿದ್ದವರು. ನಿವೃತ್ತಿಗೆ ಎಂಟೇ ತಿಂಗಳು ಉಳಿದಿತ್ತು. ಹೊರಡುವ ಮೊದಲು ಸಿಬ್ಬಂದಿಯ ಕೋಣೆಯಲ್ಲಿ ಏಲಕ್ಕಿ ಕಾಫಿ ಕುಡಿದು, ಎಲ್ಲರ ಸುದ್ದಿ ಕೇಳಿಯೇ ಅವರು ವಿಮಾನ ಹತ್ತುತ್ತಿದ್ದರು. ಆವತ್ತು ಬೆಳಗ್ಗೆ ಮಾತ್ರ ಅವರನ್ನು ಕರೆತರುವ ಬಸ್ಸು ತಡವಾಯಿತು. ಕಾಫಿಯೂ ಇಲ್ಲ, ಸುದ್ದಿಯೂ ಇಲ್ಲ. ಜೊತೆಯ ಪೈಲಟ್ ಮುಹನ್ನಾ ಅವರ ಹಳೆಯ ಸ್ನೇಹಿತನ ಮಗ. ಅವನನ್ನು ನೋಡಿ ಎರಡು ತಿಂಗಳಾಗಿತ್ತು. ಸುದ್ದಿ ಕೇಳದೆ ಅವರಿಗೆ ಏನೋ ಬಾಕಿ ಉಳಿದುಹೋದ ಹಾಗಾಗಿತ್ತು.

ವಿಮಾನ ಸಲಾಲಕ್ಕೆ ಹೊರಟಿತು. ಅಲ್ಲಿ ತುಂತುರು ಮಳೆಯ ಕಾಲ. ಮಳೆ ನೋಡಲು ಹೊರಟ ನೂರ ಅರವತ್ತು ಜನರಿಂದ ಸೀಟೆಲ್ಲ ಭರ್ತಿಯಾಗಿತ್ತು. ಹದಿನಾರು ಸಾವಿರ ಅಡಿಗೆ ಏರಿ ಎಂದು ನಿಯಂತ್ರಣ ಕೇಂದ್ರ ಹೇಳಿತ್ತು. ಖಲ್ಫಾನ್ ಗುಂಡಿ ತಿರುಗಿಸಿ ಆ ಅಂಕಿ ಇಟ್ಟು, ವಿಮಾನವನ್ನು ತಾನೇ ಏರಿಸುವ ಆಟೋಪೈಲಟ್ ಹಾಕಿದರು. ಹತ್ತು ಸಾವಿರ ಅಡಿ ದಾಟಿತೋ ಇಲ್ಲವೋ, ಮುಹನ್ನಾನ ಕಡೆ ತಿರುಗಿದರು.

"ಈಗ ಹೇಳಪ್ಪ, ಏನು ಸುದ್ದಿ?"

"ಸುದ್ದಿ ಇಲ್ಲ, ಎಲ್ಲ ಕ್ಷೇಮ, ದೊಡ್ಡಪ್ಪ."

ಇಷ್ಟು ಹೊತ್ತು 'ಕ್ಯಾಪ್ಟನ್' ಎನ್ನುತ್ತಿದ್ದ ಹುಡುಗ 'ದೊಡ್ಡಪ್ಪ' ಎಂದಿದ್ದ. ಕಾಕ್‌ಪಿಟ್ ಆಗಲೇ ಮನೆಯ ಜಗಲಿಯಾಗಿಬಿಟ್ಟಿತ್ತು.

"ನಿನ್ನ ಚಿಕ್ಕಪ್ಪನ ಒಂಟೆ ಓಟಕ್ಕೆ ಹೋಗಿತ್ತಂತಲ್ಲ?"

ಅಷ್ಟರಲ್ಲಿ ರೇಡಿಯೊ ಮಾತಾಡಿತು. ಹದಿಮೂರು ಸಾವಿರ ಅಡಿಗೇ ನಿಲ್ಲಿ, ಮೇಲೆ ಹದಿನಾಲ್ಕರಲ್ಲಿ ಇನ್ನೊಂದು ವಿಮಾನ ಇದೆ ಎಂದಿತು. "ಹದಿಮೂರು ಸಾವಿರ" ಎಂದು ಮುಹನ್ನಾ ಉತ್ತರ ಕೊಟ್ಟ. ಅಂಕಿ ಬದಲಾಯಿಸಬೇಕಾದವರು ಖಲ್ಫಾನ್. ಅವರು "ಹೂಂ" ಎಂದರು. ಆದರೆ ಕೈ ಗುಂಡಿಯ ಹತ್ತಿರ ಹೋಗಲೇ ಇಲ್ಲ.

"ಆಮೇಲೆ? ಗೆದ್ದಿತಾ?"

ಅಂಕಿ ಬದಲಾಗಿದೆಯೇ ಎಂದು ಮುಹನ್ನಾ ನೋಡಬೇಕಿತ್ತು. ಆದರೆ ದೊಡ್ಡಪ್ಪ ಕೇಳಿದ ಮೇಲೆ ಉತ್ತರ ಹೇಳದೆ ಇರುವುದು ಹೇಗೆ?

"ಗೆಲ್ಲೋದೆಲ್ಲಿ ಬಂತು! ಅರ್ಧ ದಾರಿ ಓಡಿ, ಅಲ್ಲೇ ತಿರುಗಿ ಸೀದಾ ಮನೆಗೆ ಬಂತು. ಚಿಕ್ಕಪ್ಪ ಇನ್ನೂ ಓಟ ಮುಗಿಯೋ ಜಾಗದಲ್ಲೇ ನಿಂತು ಕಾಯ್ತಾ ಇದ್ರು!"

ಖಲ್ಫಾನ್ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮುಹನ್ನಾನೂ ನಕ್ಕ. "ಇನ್ನು ಸಾವಿರ ಅಡಿ" ಎಂದು ಮುಹನ್ನಾ ಕೂಗಿ ಹೇಳಬೇಕಾದ ಹೊತ್ತು ಆ ನಗುವಿನಲ್ಲಿ ಕಳೆದುಹೋಯಿತು. ವಿಮಾನ ಹದಿಮೂರು ಸಾವಿರ ದಾಟಿ ಏರುತ್ತಲೇ ಇತ್ತು.

"ಟ್ರಾಫಿಕ್! ಟ್ರಾಫಿಕ್!" ಎಂದು, ಬೇರೆ ವಿಮಾನ ಹತ್ತಿರ ಬಂದರೆ ಎಚ್ಚರಿಸುವ ಯಂತ್ರ ಅರಚಿಕೊಂಡಿತು. ಅದರ ಹಿಂದೆಯೇ ರೇಡಿಯೊ: "ನೀವು ಹದಿಮೂರಕ್ಕೆ ನಿಲ್ಲಬೇಕಿತ್ತು! ಈಗಲೇ ಇಳಿಸಿ!"

ಖಲ್ಫಾನ್ ಆಟೋಪೈಲಟ್ ಬಿಡಿಸಿ ವಿಮಾನದ ಮೂತಿ ತಗ್ಗಿಸಿದರು. ಅಷ್ಟರಲ್ಲಿ ಹದಿಮೂರು ಸಾವಿರದ ಐನೂರು ಆಗಿತ್ತು. ಗಾಜಿನಾಚೆ, ಬಲಗಡೆ ಮೇಲೆ, ಆ ಇನ್ನೊಂದು ವಿಮಾನ ಬೆಳ್ಳಗೆ ಹಾದುಹೋಯಿತು. ಅದರ ಕಿಟಕಿಗಳು ಕಾಣುವಷ್ಟು ಹತ್ತಿರ. ಹದಿಮೂರಕ್ಕೆ ಬಂದ ಮೇಲೆ ಖಲ್ಫಾನ್ ಗುಂಡಿ ತಿರುಗಿಸಿ ಅಂಕಿ ಸರಿಮಾಡಿದರು. "ಅಲ್ಹಮ್ದುಲಿಲ್ಲಾಹ್" ಎಂದು ದೇವರನ್ನು ನೆನೆದರು.

ಸಲಾಲದಲ್ಲಿ ಇಳಿಯುವಾಗ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು ಖಲ್ಫಾನರ ಅಂಗೈಗೆ ಒಂದು ತುಂಡು ಹಲ್ವಾ ಇಟ್ಟಳು. "ಹೂವಿನ ಹಾಗೆ ಕರ್ಕೊಂಡು ಬಂದೆಯಪ್ಪ, ನಿನ್ನ ಕೈ ತಣ್ಣಗಿರಲಿ," ಎಂದಳು. ಖಲ್ಫಾನರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಡೆದದ್ದನ್ನು ಸುರಕ್ಷತಾ ವಿಭಾಗಕ್ಕೆ ಬರೆದು ಕೊಡೋಣ, ಕ್ಯಾಪ್ಟನ್," ಎಂದ ಮುಹನ್ನಾ, ಮೆತ್ತಗೆ.

"ಯಾರಿಗೂ ಏನೂ ಆಗಿಲ್ಲ. ಏನು ಬರೀತೀಯ? ಒಂಟೆ ಮನೆಗೆ ಬಂತು ಅಂತಲಾ? ಮೂವತ್ತು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲ ನನಗೆ. ಎಂಟು ತಿಂಗಳು ಸುಮ್ಮನೆ ಕಳೆಯೋಕೆ ಬಿಡೋ."

ಹಾಗೆಂದರೂ ಮುದುಕಿಯ ಮಾತು ಅವರನ್ನು ಚುಚ್ಚುತ್ತಿತ್ತು; ಇಬ್ಬರೂ ನಿಲ್ದಾಣದಲ್ಲೇ ಇದ್ದ ಸುರಕ್ಷತಾ ವಿಭಾಗದ ರಯ್ಯಾಳ ಕೋಣೆಗೆ ಹೋದರು. ರಯ್ಯಾ ಮುಂಚೆ ತಾನೂ ವಿಮಾನ ಹಾರಿಸಿದವಳು. ಅವಳು ಕಾಫಿಯ ಕೂಜ ತಂದಿಟ್ಟಳು. ಕಿರಿಯನಾದ ಮುಹನ್ನಾ ಎದ್ದು ಬಗ್ಗಿಸಿ ಕೊಟ್ಟ. ನಡೆದದ್ದನ್ನೆಲ್ಲ ಅವನೇ ಹೇಳಿದ.

"ನಾವೇನು ತಪ್ಪು ಮಾಡಿದ್ವಿ? ಹತ್ತು ಸಾವಿರದ ಕೆಳಗೆ ಹರಟೆ ಬೇಡ ಅನ್ನುತ್ತೆ ನಿಯಮ," ಎಂದರು ಖಲ್ಫಾನ್. "ನಾವು ಹತ್ತು ದಾಟಿದ ಮೇಲೆ ತಾನೇ ಮಾತಾಡಿದ್ದು?"

"ನಿಯಮ ಹತ್ತಕ್ಕೆ ಮುಗಿಯಿತು ಅನ್ನಿ. ಏರೋದು ಮುಗಿದಿತ್ತಾ ಕ್ಯಾಪ್ಟನ್?" ಎಂದಳು ರಯ್ಯಾ. "ಏರೋ ಹೊತ್ತಲ್ಲಿ ಅಂಕಿ ಯಾವಾಗ ಬೇಕಾದರೂ ಬದಲಾಗುತ್ತೆ. ಕಿವಿ ಕೇಳುತ್ತೆ, ಬಾಯಿ ಹೂಂ ಅನ್ನುತ್ತೆ, ಮನಸ್ಸು ಒಂಟೆ ಹಿಂದೆ ಓಡ್ತಿರುತ್ತೆ. ಇಬ್ಬರಿರೋದು ಯಾಕೆ? ಒಬ್ಬರು ಮರೆತರೆ ಇನ್ನೊಬ್ಬರು ಹೇಳಲಿ ಅಂತ. ನೀವು ಇಬ್ಬರನ್ನೂ ಒಂದೇ ಸುದ್ದಿಗೆ ಕಟ್ಟಿಹಾಕಿದ್ರಿ."

"ಹಾಗಾದ್ರೆ ಇವನು ತಡೀಬೇಕಿತ್ತು. ಬಾಯಿ ಇರಲಿಲ್ಲವಾ?"

"ದೊಡ್ಡಪ್ಪ ಸುದ್ದಿ ಕೇಳ್ತಿದ್ದರೆ ನಾನು ಹೇಗೆ..." ಮುಹನ್ನಾ ತಲೆ ತಗ್ಗಿಸಿದ. ಕೂಜ ಹಿಡಿದು ಮತ್ತೆ ಕಾಫಿ ಬಗ್ಗಿಸಲು ಬಂದ. ಖಲ್ಫಾನ್ ಮಾತಿನ ಭರದಲ್ಲೇ ಖಾಲಿ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿದರು. ಸಾಕು ಎಂದರ್ಥ. ಮುಹನ್ನಾ ಅಲ್ಲೇ ನಿಲ್ಲಿಸಿ, ಬಟ್ಟಲು ತೆಗೆದುಕೊಂಡ.

"ನೋಡಿದ್ರಾ?" ರಯ್ಯಾ ನಕ್ಕಳು. "ಬಟ್ಟಲು ಅಲ್ಲಾಡಿಸಿದ್ರಿ, ಅವನು ನಿಲ್ಲಿಸಿದ. ಬೇಜಾರಾಯ್ತೇನೋ ಮುಹನ್ನಾ?"

"ಅಯ್ಯೋ, ಇದಕ್ಕೆಲ್ಲ ಯಾರಾದ್ರೂ ಬೇಜಾರು ಮಾಡ್ಕೋತಾರಾ?"

ಖಲ್ಫಾನ್ ತಮ್ಮ ಕೈ ನೋಡಿಕೊಂಡರು. ಮುದುಕಿ ಕೊಟ್ಟ ಹಲ್ವಾದ ಅಂಟು ಇನ್ನೂ ಬೆರಳಿನಲ್ಲಿತ್ತು.

"ವರದಿ ಬರೆಯೋ ಕಾಗದ ಕೊಡಮ್ಮ," ಎಂದರು. "ನನ್ನ ತಪ್ಪು ನಾನೇ ಬರೀತೀನಿ. ಕೆಲಸ ಹೋದ್ರೂ ಹೋಗಲಿ."

"ತಾವಾಗಿ ಬಂದು ಒಪ್ಪಿಕೊಂಡವರ ಕೆಲಸ ಕಿತ್ತುಕೊಳ್ಳೋಕಲ್ಲ ಈ ಕಾಗದ ಇರೋದು. ಇನ್ನೊಬ್ಬರು ಅದೇ ಹಳ್ಳಕ್ಕೆ ಬೀಳದ ಹಾಗೆ ನೋಡ್ಕೊಳ್ಳೋಕೆ."

ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ಖಲ್ಫಾನರಿಗೆ. ಒಂಟೆಯನ್ನೂ ಬಿಡದೆ ಎಲ್ಲ ಬರೆದರು.

ಮಧ್ಯಾಹ್ನ ಮಸ್ಕತ್ತಿಗೆ ವಾಪಸು ಹೊರಟರು. ಹನ್ನೊಂದು ಸಾವಿರ ಅಡಿಯಲ್ಲಿ ಹಳೆಯ ಚಾಳಿ ಬಿಡಲಿಲ್ಲ. "ಅಲ್ಲಯ್ಯ, ಆ ಒಂಟೆ..." ಎಂದು ಖಲ್ಫಾನ್ ಶುರು ಮಾಡಿದರು.

ಹಿರಿಯರ ಮಾತು ತಡೆಯಲು ಮುಹನ್ನಾ ಒಂದು ಗಳಿಗೆ ಅಳುಕಿದ. ಆದರೂ ಕೈ ಎತ್ತಿದ. ಬಟ್ಟಲು ಹಿಡಿದಂತೆ ಬೆರಳು ಮಡಚಿ, ಅತ್ತಿತ್ತ ಅಲ್ಲಾಡಿಸಿದ.

ಖಲ್ಫಾನ್ ಬಾಯಿ ಮುಚ್ಚಿದರು. ಮೀಸೆಯೊಳಗೇ ನಕ್ಕು, ಎತ್ತರದ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರು. ಅವನೂ ನೋಡಿ ಹೌದೆಂದ. ಎತ್ತರದ ಅಂಕಿ ಬದಲಾದ ಪ್ರತಿ ಸಲವೂ "ಇನ್ನು ಸಾವಿರ ಅಡಿ" ಎಂದು ಅವನು ಕೂಗಿ ಹೇಳಿದ, ಅವರು "ನೋಡಿದೆ" ಎಂದರು. ಕೊನೆಗೆ ವಿಮಾನ ಏರುವುದು ಮುಗಿಸಿ ಸಮಕ್ಕೆ ಬಂತು.

"ಈಗ ಹೇಳಪ್ಪ, ಏನು ಸುದ್ದಿ?"

"ಸುದ್ದಿ ಇಲ್ಲ, ಎಲ್ಲ ಕ್ಷೇಮ, ದೊಡ್ಡಪ್ಪ."

ಆ ಮಾತು ಖಲ್ಫಾನರಿಗೆ ಅಷ್ಟು ಹಿತವಾಗಿ ಯಾವತ್ತೂ ಕೇಳಿಸಿರಲಿಲ್ಲ.

ವಿಮಾನ ಹಾರಿಸುವ ಅಣ್ಣಂದಿರೇ, ಅಕ್ಕಂದಿರೇ, ಏರುವುದು ಮುಗಿಯುವ ತನಕ ಕೆಲಸದ ಮಾತು ಒಂದೇ ಸಾಕು. ಹೇಳಿದ ಅಂಕಿಯನ್ನು ಇಬ್ಬರೂ ಕಣ್ಣಾರೆ ನೋಡಿ. ಕಿರಿಯರೇ, ಹಿರಿಯರ ಮಾತು ತಡೆಯುವುದು ಅಲ್ಲಿ ಅಗೌರವವಲ್ಲ. ಹಿರಿಯರೇ, ತಡೆದವರ ಬೆನ್ನು ತಟ್ಟಿ. ತಪ್ಪಾದರೆ ಮುಚ್ಚಿಡದೆ ಬರೆದು ಕೊಡಿ. ವಿಮಾನದೊಳಗೆ ಊಟ-ಕಾಫಿ ಬಡಿಸುವವರೇ, ಕಾಕ್‌ಪಿಟ್‌ಗೆ ಕಾಫಿ ಸ್ವಲ್ಪ ತಡವಾಗಿಯೇ ಹೋಗಲಿ. ಸುದ್ದಿ ಹತ್ತು ನಿಮಿಷಕ್ಕೆ ಹಳಸುವುದಿಲ್ಲ. ವಿಮಾನ ತನ್ನ ಎತ್ತರ ಮುಟ್ಟಿದ ಮೇಲೆ ಕೇಳಿ. ಆಗ ಹೇಳುವವರೂ ಇರುತ್ತಾರೆ, ಕೇಳುವವರೂ ಇರುತ್ತಾರೆ.