ಬಸರಿಮರದ ತೂಬು

ನಂಜನಗೂಡಿನ ನಮ್ಮ ಸಾಫ್ಟ್‌ವೇರ್ ಕಂಪನಿಗೆ ಹೊರಗೆ ಒಂದೂ ಶಾಖೆ ಇರಲಿಲ್ಲ, ಒಳಗೆ ಮಾತ್ರ ಲೆಕ್ಕವಿಲ್ಲದಷ್ಟು ಇದ್ದವು. ಟೈರು ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲಿ ಒಂದೇ ಒಂದು ಒಳ್ಳೆಯ ಕಂಪ್ಯೂಟರ್, ಅದಕ್ಕೆ ಇಬ್ಬರು. ಬೆಳಗ್ಗೆ ನಾನು, ಮಧ್ಯಾಹ್ನದ ಮೇಲೆ ನಾಗೇಂದ್ರ. ಒಂದೇ ಒಲೆಯಲ್ಲಿ ಇಬ್ಬರು ಅಡುಗೆಗಿಟ್ಟರೆ ಯಾರ ಸಾರಿಗೆ ಯಾರ ಉಪ್ಪು ಬಿತ್ತೆಂದು ತಿಳಿಯುವುದಿಲ್ಲ. ಅದಕ್ಕೇ ಗಿಟ್ ಎಂಬ ವ್ಯವಸ್ಥೆ. ಪ್ರೋಗ್ರಾಮಿನ ಮುಖ್ಯ ಸಾಲು ಒಂದಿರುತ್ತದೆ. ಅದರಿಂದ ನಾನೊಂದು ಶಾಖೆ, ಅಂದರೆ ಕವಲು, ತೆಗೆಯುತ್ತೇನೆ, ಅವನೊಂದು ತೆಗೆಯುತ್ತಾನೆ. ನನ್ನ ಕವಲಿನಲ್ಲಿ ನಾನು ಏನು ಕೆಡಿಸಿಕೊಂಡರೂ ಅವನ ಸಾರು ಅವನದೇ. ಕೆಲಸ ಸರಿಯಾದ ಮೇಲೆ ಕವಲನ್ನು ಮುಖ್ಯ ಸಾಲಿಗೆ ಸೇರಿಸುವುದು, ಸೇರಿದ ಮೇಲೆ ಅಳಿಸುವುದು. ಎಲ್ಲವೂ ಕಪ್ಪು ಪರದೆಯ ಮೇಲೆ ಟೈಪು ಮಾಡಿ ಕೊಡುವ ಆಜ್ಞೆಗಳು. ಮೌಸಿಗೆ ಅಲ್ಲಿ ಕೆಲಸವಿಲ್ಲ. ಅದು ನಮ್ಮ ಯಜಮಾನರ ಹಾಗೆ ಮೇಜಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು.

ಯಜಮಾನರು ಪುಟ್ಟಬಸವಯ್ಯನವರು. "ಲುಕ್ ಹಿಯರ್ ಇಂದ್ರಾಣಿ, ಟೈಮ್ ಅನ್ನೋದು..." ಎಂದು ಶುರುಮಾಡಿ ಟೈಮ್ ಏನೆಂದು ಯಾವತ್ತೂ ಹೇಳದವರು. ಮೆಟ್ಟಿಲ ಮೇಲೆ ನಿಂತು ನಾನು ಆ ದನಿ ತೆಗೆದರೆ ಒಳಗೆ ನಾಗೇಂದ್ರನ ಮೊಬೈಲು ತಾನಾಗಿಯೇ ಜೇಬಿಗಿಳಿಯುತ್ತಿತ್ತು.

ನಾಗೇಂದ್ರ ಹುಲ್ಲಹಳ್ಳಿಯವನು, ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಿದ್ದ. ಮನೆಯಲ್ಲಿ ಉಳಿಸಿದ ಹಕಾರಗಳನ್ನೆಲ್ಲ ಯಜಮಾನರೆದುರು ಖರ್ಚು ಮಾಡುತ್ತಿದ್ದ: "ಹೌದು ಸರ್, ಹಿಂಜಿನಿಯರ್ ಹಾಫೀಸಿಗೆ ಹಾಗ್ಲೇ ಹೇಳಿದೀನಿ ಸರ್." ಅವರು ಹೋದ ಮೇಲೆ ನಾನು ಅದನ್ನೇ ಅವನ ದನಿಯಲ್ಲಿ ತಿರುಗಿಸಿ ಹೇಳುತ್ತಿದ್ದೆ. ಅವನು ನಗುತ್ತಿದ್ದ. ನಗುತ್ತಿದ್ದಾನೆ ಎಂದೇ ನಾನು ಅಂದುಕೊಂಡಿದ್ದೆ.

ಅವನಿಗೆ ಗಿಟ್ ಕಲಿಸಿದವಳು ನಾನೇ. ಕವಲು ಅಳಿಸುವ ಆಜ್ಞೆಗೆ ಇಂಗ್ಲಿಷಿನ ಸಣ್ಣ ಡಿ ಅಕ್ಷರ ಹಾಕಿದರೆ ಗಿಟ್ ಮನೆಯ ಹಿರಿಯರಂತೆ ಅಡ್ಡ ಬರುತ್ತದೆ: ಈ ಕವಲು ಇನ್ನೂ ಮುಖ್ಯ ಸಾಲಿಗೆ ಸೇರಿಲ್ಲ, ಅಳಿಸುವುದಿಲ್ಲ ಅನ್ನುತ್ತದೆ. ದೊಡ್ಡ ಡಿ ಹಾಕಿದರೆ ಏನೂ ಕೇಳದೆ ಕಡಿದು ಹಾಕುತ್ತದೆ.

"ದೊಡ್ಡ ಡಿ ಕಡೆ ತಲೆ ಹಾಕ್ಬೇಡ ಕಣೋ," ಎಂದಿದ್ದೆ.

"ಬರೆ ಆಕುಸ್ಕಂಡಂಗೆ ಗ್ಯಾಪ್ಕ ಮಡಿಕತೀನಿ ಅಕ್ಕ," ಎಂದಿದ್ದ. ನನ್ನ ಡಬ್ಬಿಯ ಉಪ್ಪಿಟ್ಟು ತಿನ್ನುತ್ತಾ ಹಾಗೆಂದಿದ್ದ.

ಆಗ ನಮಗೆ ಸಿಕ್ಕಿದ್ದ ಕೆಲಸ ತಿ. ನರಸೀಪುರದ ಕಡೆಯ ಒಂದು ನೀರು ಬಳಕೆದಾರರ ಸಂಘದ್ದು. ನಾಲೆಯ ನೀರಿನ ಸರದಿ ಯಾರದು ಬಂತೋ ಅವರಿಗೆ ಫೋನು ಹೋಗಬೇಕು, ನೀರು ಬಿಟ್ಟಿದೆ ಬನ್ನಿ ಎಂದು ಅದು ಹೇಳಬೇಕು. ಹಿಂದೆ ಇದನ್ನು ಬಾಯಲ್ಲೇ ಮಾಡುತ್ತಿದ್ದವರು ನೀರುಗಂಟಿಗಳು. ನಮ್ಮೂರು ಸೋಸಲೆಯ ಮರಿಯಯ್ಯ ತಾತ ಕಾಲು ಸೋಲುವವರೆಗೂ ಹಾಗೆ ನೀರು ಹಂಚಿದವರು. ನಾಲೆಯ ಏರಿಯ ಮೇಲೆ ನಿಂತು ಕೂಗಿದರೆ ಆಚೆ ಬಯಲಿಗೆ ಕೇಳುತ್ತಿತ್ತು: "ಓ ಸಣ್ಣಯ್ಯೋ... ಬಸರಿಮರದ ತೂಬ್ಗೆ ನೀರ್ ಬುಟ್ಟಿವ್ನಿ ಕಣೋ... ಮಡೆ ತಿರುಗುಸ್ಕೋ ಬಾರೋ..." ಸ್ಕೂಲಿಗೆ ಹೋಗುವಾಗ ನಾನು ಒಂದು ಸಲ ಪೊದೆಯ ಮರೆಯಿಂದ ಹೀಗೇ ಕೂಗಿದಾಗ ಇಬ್ಬರು ಗುದ್ದಲಿ ಹೊತ್ತು ಓಡಿಬಂದದ್ದೂ ಉಂಟು.

ಸಂಘದ ಕಾಗದಗಳಲ್ಲಿ, ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬುಗಳಿಗೆ ಬರೀ ನಂಬರು. ಬಯಲಿನಲ್ಲಿ ನಂಬರು ಯಾರಿಗೂ ಗೊತ್ತಿಲ್ಲ. ಬಸರಿಮರದ ತೂಬು, ಕುಂಟ್ನ ತೂಬು, ಅತ್ತೆಸೊಸೆ ತೂಬು ಎಂದರೆ ಎಲ್ಲರಿಗೂ ಗೊತ್ತು. ನಾನು ತಾತನ ಜಗಲಿಯ ಮೇಲೆ ಕೂತು ಒಂದೊಂದನ್ನೂ ಕೇಳಿಕೊಂಡೆ. ಅವರ ದನಿ ಈಗ ಸೊರಗಿದೆ, ಅಂಗಳ ದಾಟುವುದಿಲ್ಲ. ಅದಕ್ಕೆ ಅವರ ಕೂಗನ್ನು ಅವರದೇ ದನಿ ತೆಗೆದು ನಾನೇ ಕೂಗಿ ರೆಕಾರ್ಡು ಮಾಡಿಕೊಂಡೆ. ಅವರು ತಿದ್ದುತ್ತಿದ್ದರು, ಹೆಚ್ಚಾಗಿ ಹೆಸರು ಕೂಗುವ ಕಡೆ.

"ಅಂಗಲ್ಲ ಕೂಸೇ. ಎಸ್ರ ಎಳಿ, ನೀರ್ನ ಎಳೀಬ್ಯಾಡ. ಎಸ್ರು ಕೇಳಿದ್ ಮ್ಯಾಕೆ ನೀರ್ ತಾನೇ ಕೇಳ್ತದೆ."

"ಈಗ ಸರಿಯಾ ತಾತ?"

"ಊಂ. ನನ್ಗೇ ಎದ್ದೋಗವಾ ಅನ್ನುಸ್ತು."

ಒಂದು ದಿನ ಕೇಳಿದರು: "ನಾನ್ ಸತ್ ಮ್ಯಾಕೂ ಇದು ಕೂಗ್ತದಾ?"

"ಕರೆಂಟ್ ಇರೋವರ್ಗೂ ಕೂಗ್ತದೆ ತಾತ."

"ಅಂಗಾರೆ ನನ್ಗಿಂತ ಮುಂದಾಗೇ ಸಾಯ್ತದೆ ಬುಡು."

ಹಾಗೆ ನಕ್ಕರೂ, ಸಭೆಯ ದಿನ ಬಂದು ಕೇಳುತ್ತೇನೆ ಎಂದು ಮಾತು ಕೊಟ್ಟರು. ನಿಮ್ಮ ಕೂಗೇ ಎಲ್ಲರ ಫೋನಲ್ಲೂ ಬರುತ್ತದೆ ಎಂದು ನಾನೂ ಮಾತು ಕೊಟ್ಟೆ.

ತಾತ ಇನ್ನೊಂದು ಮಾತು ಹೇಳಿದ್ದರು. "ತೂಬು ಯಾರು ತೆಗುದ್ರೋ ಅವ್ರೇ ಮುಚ್ಬೇಕು. ಇನ್ನೊಬ್ರು ತೆಗುದ್ ತೂಬ ಹೇಳ್ದೆ ಮುಚ್ಚೋನು ನೀರ್ ಕದಿಯೋನ್ಗಿಂತ ಕಡೆ. ಕದಿಯೋನ್ಗೆ ಬಾಯಾರ್ಕೆನಾರ ಇರ್ತದೆ." ನಾನು ಅದನ್ನು ಆಫೀಸಿಗೆ ತಂದೆ. ಆಮೇಲೆ ನಮ್ಮ ಕವಲುಗಳಿಗೆಲ್ಲ ತೂಬುಗಳದೇ ಹೆಸರು. ತೆಗೆದವರೇ ಮುಚ್ಚಬೇಕು ಎಂಬುದನ್ನು ನಾಗೇಂದ್ರನೇ ದಪ್ಪ ಅಕ್ಷರದಲ್ಲಿ ಬರೆದು ಕಂಪ್ಯೂಟರಿನ ಮೇಲೆ ಗೋಡೆಗೆ ಅಂಟಿಸಿದ.

ತಾತನ ಕೂಗು, ತೂಬಿನ ಹೆಸರುಗಳು ಇದ್ದ ನನ್ನ ಕವಲಿಗೆ ಬಸರಿಮರ ಎಂದೇ ಹೆಸರಿಟ್ಟಿದ್ದೆ. ರೆಕಾರ್ಡುಗಳಿಂದ ಅದು ಭಾರವಾಗಿತ್ತು. ನಮ್ಮ ಇಂಟರ್ನೆಟ್ಟಿನ ಯೋಗ್ಯತೆಗೆ ಅದನ್ನು ಹೊರಗಿನ ಸರ್ವರಿಗೆ ಕಳಿಸಲು ಆಗದೆ ಆ ಒಂದು ಕಂಪ್ಯೂಟರಿನಲ್ಲೇ ಇಟ್ಟಿದ್ದೆವು. ಸಭೆಯ ಹಿಂದಿನ ದಿನ ನನ್ನ ಕೆಲಸ ಮುಗಿಯಿತು. ಮುಖ್ಯ ಸಾಲಿಗೆ ಸೇರಿಸಿ ಸಭೆಗೆ ಒಯ್ಯುವ ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವ ಕೆಲಸವನ್ನು ನಾಗೇಂದ್ರನಿಗೆ ಬಿಟ್ಟು ನಾನು ಬಸ್ಸು ಹತ್ತಿದೆ. ಊರು ಸೇರುವ ಹೊತ್ತಿಗೆ ಅವನ ಮೆಸೇಜು ಬಂತು: "ಬಸರಿಮರ ಸೇರ್ಸ್ದೆ ಅಕ್ಕ. ನೀರ್ ಅರೀತಾದೆ."

ಮಾರನೆಯ ದಿನ ತಿ. ನರಸೀಪುರದ ಸಭೆಗೆ ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂತರು. ನೀರಾವರಿ ಇಂಜಿನಿಯರೊಬ್ಬರು, ಪುಟ್ಟಬಸವಯ್ಯನವರು, ತುಂಬಾ ಜನ ರೈತರು. ನಾಗೇಂದ್ರ ಲ್ಯಾಪ್‌ಟಾಪಿನಲ್ಲಿ ಒತ್ತಿದ. ಬಸರಿಮರದ ತೂಬಿನ ಸಣ್ಣಯ್ಯನವರ ಫೋನು ಬಡಿಯಿತು. ಎಲ್ಲರಿಗೂ ಕೇಳಲಿ ಎಂದು ಅವರು ಸ್ಪೀಕರ್ ಹಾಕಿದರು.

"ಗೌರವಾನ್ವಿತ ರೈತ ಬಾಂಧವರೇ. ವಿತರಣಾ ನಾಲೆ ಹದಿನಾಲ್ಕು, ತೂಬು ಸಂಖ್ಯೆ ಎಂಟರಲ್ಲಿ, ನೀರು, ಲಭ್ಯವಿರುತ್ತದೆ. ದಯವಿಟ್ಟು ಸಹಕರಿಸಿ."

ಮುಖ್ಯ ಸಾಲಿನಲ್ಲಿ ಮೊದಲಿನಿಂದ ಇದ್ದ ಯಂತ್ರದ ಹೆಂಗಸಿನ ದನಿ. ಬಟ್ಟೆ ಒಣಹಾಕಿದ ಹಾಗೆ ಒಂದೊಂದೇ ಪದ.

"ಯಾರ್ಲಾ ಇವ್ಳು, ಲೋನ್ ಬೇಕಾ ಅಂತಾಳಾ?" ಎಂದರು ಸಣ್ಣಯ್ಯ. ಹಿಂದಿನವರು ನಕ್ಕರು. ಎಂಟು ಎಂದರೆ ಯಾವ ತೂಬು ಎಂದು ಅವರವರಲ್ಲೇ ಮಾತು ಹತ್ತಿತು.

ಮರಿಯಯ್ಯ ತಾತ ಹಿಂದಕ್ಕೆ ತಿರುಗಿ ಕೈ ಎತ್ತಿದರು. "ಇರ್ರಲಾ. ಈವಮ್ಮ ಮುಗುಸ್ಲಿ. ಆಮ್ಯಾಕೆ ನಂದು ಬತ್ತದೆ."

ಜನ ಸುಮ್ಮನಾದರು. ತಾತ ಕಿವಿಗೆ ಕೈ ಒಡ್ಡಿ ಫೋನಿನ ಕಡೆ ಬಾಗಿದರು. ಇಂಜಿನಿಯರ್ "ವೆರಿ ಗುಡ್, ತುಂಬಾ ನೀಟಾಗಿದೆ," ಎಂದು ಎದ್ದರು. ಚಹಾ ಬಂತು. ಹಿಂದಿನ ಸಾಲಿನ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸತೊಡಗಿದರು. ತಾತ ಕೈ ಇಳಿಸಿರಲಿಲ್ಲ.

ನಾನು ಹತ್ತಿರ ಹೋದೆ.

"ನಂದು ಬರ್ನಿಲ್ವಾ ಕೂಸೇ?"

"ಇವತ್ತು ಏನೋ ಕೆಟ್ಟಿದೆ ತಾತ."

"ಕೆಟ್ಟಿರ್ತದೆ ಬುಡು. ನೀರೇ ಸರ್ಯಾಗ್ ಬರಾಕಿಲ್ಲ, ಇನ್ ಇದು," ಎಂದು ಅವರೇ ನನಗೆ ಸಮಾಧಾನ ಹೇಳಿ, ಅಂಗಿಯ ತೋಳು ನೇವರಿಸಿಕೊಂಡು ಎದ್ದು ಹೋದರು.

"ಸೇರ್ಸೋವಾಗ ಏನೋ ತಪ್ಪಾಗದೆ ಅಕ್ಕ, ಅಳೇದೇ ಬಂದ್ಬುಟ್ಟದೆ," ಎಂದ ನಾಗೇಂದ್ರ. ಮುಖ ಬಾಡಿತ್ತು. ನಾನು ನಂಬಿದೆ. ಇದೆಲ್ಲ ಆಗುತ್ತೆ ಕಣೋ ಎಂದು ಬೆನ್ನು ತಟ್ಟಿ, ಕಡಲೆಕಾಯಿ ಪೊಟ್ಟಣ ಕೈಗಿಟ್ಟು, ಅವನನ್ನು ನಂಜನಗೂಡಿನ ಬಸ್ಸು ಹತ್ತಿಸಿದೆ.

ಬೆಳಗ್ಗೆ ಆಫೀಸಿಗೆ ಬಂದು ಮೊದಲು ಕವಲುಗಳ ಪಟ್ಟಿ ತೆಗೆದೆ. ಬಸರಿಮರ ಇರಲಿಲ್ಲ. ಹಾಗಾದರೆ ಸೇರಿಸಿಯೇ ಅಳಿಸಿದ್ದಾನೆ ಎಂದು ಮುಖ್ಯ ಸಾಲಿನಲ್ಲಿ ಹುಡುಕಿದೆ. ಒಂದು ಕೂಗೂ ಇಲ್ಲ, ಒಂದು ಹೆಸರೂ ಇಲ್ಲ. ಕಪ್ಪು ಪರದೆಯಲ್ಲಿ ಮೇಲ್ಮುಖದ ಬಾಣದ ಕೀಲಿ ಒತ್ತಿದರೆ ಹಿಂದೆ ಟೈಪು ಮಾಡಿದ ಆಜ್ಞೆಗಳು ಒಂದೊಂದಾಗಿ ಮೇಲೇಳುತ್ತವೆ. ಒತ್ತುತ್ತಾ ಹೋದೆ.

git branch -D basarimara

ಕೈ ಜಾರಿರಬಹುದು ಎಂದುಕೊಂಡು ಇನ್ನೊಂದು ಸಲ ಒತ್ತಿದೆ. ಅದರ ಹಿಂದಿನ ಸಾಲು ಬಂತು.

git branch -d basarimara

ಮೊದಲು ಸಣ್ಣ ಡಿ. ನಾನು ಕಲಿಸಿದ್ದ ಹಾಗೆಯೇ. ಗಿಟ್ ಅಡ್ಡ ಬಂದಿದೆ, ಸೇರಿಲ್ಲ ಎಂದು ಹೇಳಿದೆ. ಅವನು ಅದನ್ನು ಓದಿದ್ದಾನೆ. ಆಮೇಲೆ ದೊಡ್ಡ ಡಿ. ಸೇರಿಸುವ ಆಜ್ಞೆ ಹಿಂದೆ ಮುಂದೆ ಎಲ್ಲೂ ಇರಲಿಲ್ಲ. ಇಷ್ಟಾದ ಮೇಲೆ ನನಗೆ ಮೆಸೇಜು ಬರೆದಿದ್ದಾನೆ, ನೀರ್ ಅರೀತಾದೆ ಎಂದು, ನೀರು ಹರಿಯುತ್ತಿದೆ ಎಂದು, ತಾತನಂಥದೇ ಹಳ್ಳಿಯ ಮಾತಿನಲ್ಲಿ.

ನಾನು ಸ್ವಲ್ಪ ಹೊತ್ತು ಗೋಡೆಯ ಮೇಲಿನ ದಪ್ಪ ಅಕ್ಷರಗಳನ್ನು ನೋಡುತ್ತಾ ಕೂತೆ. ಅವನ ಅಕ್ಷರ ಗುಂಡಗಿದೆ.

ಕವಲು ಕಡಿದರೂ ಗಿಟ್ ಒಡನೆಯೇ ಮರೆಯುವುದಿಲ್ಲ. ನಾವು ಎಲ್ಲೆಲ್ಲಿ ನಿಂತಿದ್ದೆವೋ ಆ ಹೆಜ್ಜೆಗಳನ್ನು ಕೆಲವು ಕಾಲ ಇಟ್ಟುಕೊಂಡಿರುತ್ತದೆ. ರೆಫ್‌ಲಾಗ್ ಎಂದು ಕೇಳಿದರೆ ತೋರಿಸುತ್ತದೆ. ಆ ಪಾಠವನ್ನು ಅವನಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಕೇಳಿದೆ. ನನ್ನ ಕೊನೆಯ ಹೆಜ್ಜೆ ಅಲ್ಲಿತ್ತು, ಪಕ್ಕದಲ್ಲಿ ನಾನೇ ಬರೆದಿದ್ದ ಟಿಪ್ಪಣಿ: ತಾತ ಒಪ್ಪಿದರು. ಅಲ್ಲಿಂದ ಬಸರಿಮರವನ್ನು ಮತ್ತೆ ಎಬ್ಬಿಸಿದೆ. ಒಂದು ಕೂಗನ್ನು ಹಾಕಿ ಕೇಳಿದೆ. ಓ ಸಣ್ಣಯ್ಯೋ ಎಂದಿತು. ಅಷ್ಟಕ್ಕೇ ನಿಲ್ಲಿಸಿದೆ.

ನಾಗೇಂದ್ರ ಬಂದ. ಪರದೆಯನ್ನು ಅವನ ಕಡೆ ತಿರುಗಿಸಿ ಆ ಎರಡು ಸಾಲು ತೋರಿಸಿದೆ. ಅವನು ಚೀಲ ಇಳಿಸಲಿಲ್ಲ.

"ಸರ್ ಹೇಳಿದ್ರು," ಎಂದ. ಆ ಮೊದಲ ಹಕಾರ ಸರಿಯಾಗಿಯೇ ಇತ್ತು. "ಹಿಂಜಿನಿಯರ್ ಮುಂದೆ ಆ ಭಾಷೆ ಬೇಡ ಅಂದ್ರು."

"ನಂಗೊಂದು ಮಾತು ಹೇಳ್ಬೋದಿತ್ತಲ್ಲ."

"ಹೇಳಿದ್ರೆ ನೀವು ಒಪ್ತಿದ್ರಾ?"

"ಒಪ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಿತ್ತು."

ಅಷ್ಟರಲ್ಲಿ ಪುಟ್ಟಬಸವಯ್ಯನವರು ಫೋನು ಹಿಡಿದುಕೊಂಡೇ ಒಳಗೆ ಬಂದರು. "ಲುಕ್ ಹಿಯರ್ ಇಂದ್ರಾಣಿ. ಸಂಘದೋರು ಒಂದೇ ಸಮ ಫೋನ್ ಮಾಡ್ತಾವ್ರೆ. ಎಂಟನೇ ತೂಬು ಯಾವ್ದು ಅಂತ ಒಬ್ರಿಗೂ ಗೊತ್ತಿಲ್ವಂತೆ. ನಿಮ್ದು ಹೆಸರು ಹಿಡಿದು ಕೂಗೋದು ಇತ್ತಲ್ಲ, ಅದನ್ನ ಹಾಕ್ಬಿಡಿ."

"ಅದನ್ನ ಅಳಿಸು ಅಂದ್ರಂತೆ ನೀವು."

"ನಾನಾ? ಇಂಜಿನಿಯರ್ ಬರ್ತಾರೆ, ಅದೊಂದು ದಿನ ಪಕ್ಕಕ್ಕಿಡಪ್ಪ ಅಂದೆ. ಇಂದ್ರಾಣಿಗೂ ಹೇಳು ಅಂದೆ. ಟೈಮ್ ಅನ್ನೋದು..." ಎನ್ನುತ್ತಿರುವಾಗ ಫೋನು ಮತ್ತೆ ಬಡಿಯಿತು, ಅವರು ಹೊರಗೆ ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು.

"ಪಕ್ಕಕ್ಕಿಡೋದಕ್ಕೂ ಕಡಿದು ಹಾಕೋದಕ್ಕೂ ವ್ಯತ್ಯಾಸ ಇದೆಯಲ್ಲ ನಾಗೇಂದ್ರ."

ಅವನು ನೆಲ ನೋಡುತ್ತಾ ಹೇಳಿದ. "ಅದ ಕೇಳುದ್ರೆ ನಮ್ಮಪ್ಪ ಕೂಗ್ದಂಗೇ ಆಯ್ತದೆ ಅಕ್ಕ. ಅಲ್ಲಿ ಇಂಜಿನಿಯರು, ಸರ್ರು, ಎಲ್ರು ಮುಂದೆ. ನೀವು ಎಂಗ್ ಬೇಕಾರೂ ಮಾತಾಡ್ತೀರಿ. ಅಳ್ಳಿ ಮಾತೂ ಬತ್ತದೆ, ಪ್ಯಾಟೆ ಮಾತೂ ಬತ್ತದೆ, ನಂದೂ ಬತ್ತದೆ ನಿಮ್ಗೆ. ಆಟ ನಿಮ್ಗೆ. ನಂಗೆ ಇರಾದೇ ಅದೊಂದು. ಅದ್ನ ಮುಚ್ಕಂಡು ಇಲ್ಲಿಗಂಟ ಬಂದಿವ್ನಿ. ಇವತ್ತು ಬುಟ್ರೆ ನಾಳೆ ತಿರ್ಗಾ ನೀವು ತರ್ತೀರಿ ಅಂತ..."

"ತಾತ ಕಿವಿಗೆ ಕೈ ಇಟ್ಕೊಂಡು ಕೂತಿದ್ರಲ್ಲ. ನೀನು ನೋಡ್ತಾ ಇದ್ದೆ."

"ನೋಡ್ದೆ."

"ಆಗಲಾದ್ರೂ ಹೇಳ್ಬೋದಿತ್ತು. ನಾನು ನಿನ್ನ ಬೆನ್ನು ತಟ್ಟೋವಾಗ್ಲಾದ್ರೂ."

ಅವನ ಮಾತಿನಲ್ಲಿ ಇದ್ದ ನೋವು ಸುಳ್ಳಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಆ ಮೆಸೇಜಿನ ಹತ್ತಿರ ಬಂದರೆ ಮನಸ್ಸು ನಿಂತುಬಿಡುತ್ತಿತ್ತು. ನಾಚಿಕೆಯಾಗುವ ಮಾತು ಎಂದಮೇಲೆ, ನನಗೆ ಸುಳ್ಳು ಹೇಳುವುದಕ್ಕೆ ಅದೇ ಮಾತನ್ನು ಯಾಕೆ ತೆಗೆದುಕೊಂಡ.

ನಾನು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಬಸರಿಮರವನ್ನು ಮುಖ್ಯ ಸಾಲಿಗೆ ನಾನೇ ಸೇರಿಸಿದೆ. ತಾತನ ನಂಬರು ಹಾಕಿ ಪರೀಕ್ಷೆಗೆ ಒಂದು ಕರೆ ಕಳಿಸಿದೆ. ಬಹಳ ಹೊತ್ತು ಬಡಿದ ಮೇಲೆ ಎತ್ತಿಕೊಂಡರು. ಕೂಗು ಪೂರ್ತಿ ಮುಗಿದರೂ ಅವರು ಫೋನು ಇಡಲಿಲ್ಲ. ಆ ಕಡೆಯಿಂದ ಸಣ್ಣ ದನಿ ಯಾರಿಗೋ ಹೇಳುತ್ತಿತ್ತು: "ಬಾಮ್ಮಿ ಇಲ್ಲಿ, ಕೇಳು. ನಾನು."

ಆಮೇಲೆ ತೆಗೆದವಳೇ ಮುಚ್ಚಿದೆ, ಸಣ್ಣ ಡಿಯಲ್ಲಿ. ಸೇರಿದ ಕವಲು, ಗಿಟ್ ತಕರಾರು ಮಾಡಲಿಲ್ಲ.

ನಾಗೇಂದ್ರ ನಿಧಾನವಾಗಿ ಹತ್ತಿರ ಬಂದ. ಅವನ ಮುಖ ಹಗುರವಾಗಿತ್ತು. "ಓಗಿದ್ದು ಎಂಗ್ ಬಂತಕ್ಕ? ನಂಗೂ ಏಳ್ಕೊಡಿ," ಎಂದ. ನನ್ನ ಡಬ್ಬಿ ಇರುವ ಕಡೆ ಒಂದು ಸಲ ನೋಡಿದ.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಗೌರವಾನ್ವಿತ ಸಹೋದ್ಯೋಗಿಗಳೇ. ನೀವು ಕೋರಿದ ಮಾಹಿತಿ, ಪ್ರಸ್ತುತ, ಲಭ್ಯವಿರುವುದಿಲ್ಲ. ದಯವಿಟ್ಟು ಸಹಕರಿಸಿ."

ಅವನು ಜೋರಾಗಿ ನಕ್ಕ. ಅಷ್ಟು ತದ್ರೂಪವಾಗಿ ಬಂದಿತ್ತು ಆ ಹೆಂಗಸಿನ ದನಿ. ನಕ್ಕು, ನಗು ಮುಗಿಸಿ, ಇನ್ನು ನನ್ನ ಸ್ವಂತ ದನಿ ಬರುತ್ತದೆ ಎಂದು ಮುಖ ನೋಡುತ್ತಾ ನಿಂತ.

ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟೆ. ಅವನು ಇನ್ನೂ ಕಾಯುತ್ತಿದ್ದ.