ಸಿಟ್ಟು ಬಂದದ್ದಕ್ಕೆ ಒಂದು ಹುಂಜ

ನಮ್ಮವರು ಐದು ಸಲ ಗೆದ್ದು ಲುಸಾಕಾದ ಪಾರ್ಲಿಮೆಂಟಿಗೆ ಹೋದವರು, ಎರಡು ಸಲ ಮಂತ್ರಿಯಾದವರು. ಕಪಾಂಬ್ವೆ ಎಂಬ ಅವರ ಹೆಸರು ಜಾಂಬಿಯಾದ ಉತ್ತರದ ಕಡೆ ಗೊತ್ತಿಲ್ಲದವರಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಅವರಿಗೆ ಆರನೇ ಸಲವೂ ನಿಲ್ಲುವ ಆಸೆ. ನಿಲ್ಲಲೋ ಬೇಡವೋ ಎಂದು ಸಿಕ್ಕವರನ್ನೆಲ್ಲ ಕೇಳುವರು. ಪಕ್ಷದ ಕಾರ್ಯದರ್ಶಿ, "ನೀವಲ್ದೆ ಇನ್ಯಾರು ಸರ್?" ಎನ್ನುವನು. ನಾನು ಬೇಡವೆಂದೆ. ಆದರೆ ನಲವತ್ತೆಂಟು ವರ್ಷ ಜೊತೆಗಿದ್ದ ಹೆಂಡತಿಯ ಮಾತು ಗೋಡೆ ಗಡಿಯಾರದ ಸದ್ದಿನ ಹಾಗೆ, ಕಿವಿಗೆ ಬೀಳುವುದೇ ಇಲ್ಲ.

ನಿಂತರೆ ಸೋಲುತ್ತಾರೆಂದು ನನಗೆ ಗೊತ್ತಿತ್ತು. ಮೊದಲೆಲ್ಲ ಸಂತೆಯಲ್ಲಿ ಹೆಂಗಸರು ನನ್ನನ್ನು ಹಿಡಿದು ನಿಲ್ಲಿಸಿ ದೂರು ಹೇಳುತ್ತಿದ್ದರು. ಈಗೀಗ ನಮಸ್ಕಾರ ಮಾಡಿ ಸುಮ್ಮನಾಗುತ್ತಿದ್ದರು. ದೂರು ನಿಂತಿತೆಂದರೆ ಓಟೂ ನಿಂತಿತು ಎಂದೇ ಅರ್ಥ. ಇಷ್ಟು ವರ್ಷ ತಲೆಯೆತ್ತಿ ಓಡಾಡಿದ ಮನುಷ್ಯ ಕೊನೆಗೆ ಸೋತು ಮನೆ ಸೇರುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ನಾಮಪತ್ರಕ್ಕೆ ಹತ್ತು ದಿನ ಇರುವಾಗ ನಮ್ಮ ಹಳ್ಳಿಯ ಮುಖಂಡ ಚಿಟುಂಡು ತೀರಿಕೊಂಡರು. ತೊಂಬತ್ತು ದಾಟಿದ ಜೀವ. ನಾವಿರುವ ಕಸಾಮಾ ಪಟ್ಟಣದಿಂದ ಕಾರಿನಲ್ಲಿ ಹೋದೆವು. ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ ಜೆಲಿಪಾ ಎದ್ದಳು.

ಜೆಲಿಪಾ ಅಂಗೋನಿ ಕುಲದವಳು, ಪೂರ್ವದ ಸೀಮೆಯಿಂದ ನಮ್ಮ ಹಳ್ಳಿ ಶಾಲೆಯ ಮಾಸ್ತರರ ಹೆಂಡತಿಯಾಗಿ ಬಂದು ಇಲ್ಲೇ ಮುದುಕಿಯಾದವಳು. ಅಂಗೋನಿಗಳಿಗೂ ನಮ್ಮ ಬೆಂಬಾಗಳಿಗೂ ಮುತ್ತಜ್ಜಂದಿರ ಕಾಲದಲ್ಲಿ ಕಾದಾಟ. ಈಟಿ ಕೆಳಗಿಟ್ಟ ಮೇಲೆ ಉಳಿದದ್ದು ಬೈಗುಳ. ಅವರು ನಮ್ಮನ್ನು ಕೋತಿ ತಿನ್ನುವವರೆಂದು ಬೈಯಬಹುದು, ನಾವು ಅವರನ್ನು ಇಲಿ ತಿನ್ನುವವರೆಂದು. ಸಾವಿನ ಮನೆಯಲ್ಲಂತೂ ಬೈಯಲೇಬೇಕು, ಅಳುವವರು ನಗಲಿ ಎಂದು. ಕಟ್ಟಳೆ ಒಂದೇ, ಸಿಟ್ಟಾಗಬಾರದು. ಸಿಟ್ಟಾದವರು ಬೈದವರಿಗೆ ಹುಂಜ ತಂದು ಕೊಡಬೇಕು.

ಸತ್ತವರನ್ನು ಅಣಕಿಸುತ್ತಾಳೆ ಅಂದುಕೊಂಡೆವು. ಅವಳು ಯಾರದೋ ಕೋಟು ತೊಟ್ಟು, ಹೊಟ್ಟೆ ಮುಂದೆ ಮಾಡಿ, ಥೇಟ್ ನಮ್ಮವರಂತೆ ಎಡಗಾಲು ಎಳೆಯುತ್ತ ಬಂದಳು. ಸ್ಟೂಲಿನ ಮೇಲೆ ಕೂತು ಗೊರಕೆ ಹೊಡೆದಳು. ಬೆಚ್ಚಿ ಎದ್ದು, "ಸಭಾಧ್ಯಕ್ಷರೇ, ನನ್ನ ಒಪ್ಪಿಗೆ ಇದೆ! ಏನದು ವಿಷಯ?" ಎಂದಳು.

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು.

"ಏ ಕೋತಿ ತಿನ್ನೋನೆ," ಜೆಲಿಪಾ ನಮ್ಮವರ ಕಡೆ ತಿರುಗಿದಳು, "ಚಿಟುಂಡು ಸತ್ತ ಮೇಲಾದ್ರೂ ಕುರ್ಚಿ ಬಿಟ್ಟ. ನಿನ್ನನ್ನ ಕುರ್ಚಿ ಸಮೇತ ಹೂಳಬೇಕೇನೋ? ಈಗ್ಲೇ ಹೇಳ್ಬಿಡಪ್ಪ, ಗುಂಡಿ ಅಗಲವಾಗಿ ತೋಡ್ಬೇಕಾಗತ್ತೆ!"

ಬೇರೆ ದಿನವಾಗಿದ್ದರೆ ನಮ್ಮವರು "ಇಲಿ ತಿನ್ನೋಳೆ" ಎಂದು ಶುರುಮಾಡಿ ಅವಳ ಬಾಯಿ ಕಟ್ಟುತ್ತಿದ್ದರು. ಅವತ್ತು ಎದ್ದು ನಿಂತರು.

"ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ? ಈ ದೇಶದ ಮಂತ್ರಿಯಾಗಿದ್ದೋನು ನಾನು!"

ನಗು ಗಪ್ಪನೆ ನಿಂತಿತು. ಜೆಲಿಪಾ ಕೋಟು ಬಿಚ್ಚಿಟ್ಟು, ನಮ್ಮಲ್ಲಿ ದೊಡ್ಡವರಿಗೆ ಮಾಡುವಂತೆ ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ, "ತಪ್ಪಾಯ್ತು ಮಂತ್ರಿಗಳೇ, ನೀವು ದೊಡ್ಡವರು" ಎಂದಳು. ಅಷ್ಟು ಮರ್ಯಾದೆಯ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಆ ರಾತ್ರಿ ಮೈದುನನ ಮನೆಯಲ್ಲಿ ಉಳಿದೆವು. ನಮ್ಮವರು ಊಟ ಮುಟ್ಟಲಿಲ್ಲ.

"ನಂಗೆ 'ನೀವು' ಅಂದ್ಬಿಟ್ಲು ಕಣೆ," ಎಂದರು.

"ಅಂದ್ಲು."

"ಹೊರಗಿನೋರಿಗೆ ಅಂದ ಹಾಗೆ."

"ಹುಂಜ ಕೊಡ್ಬೇಕಲ್ಲ ಈಗ," ಎಂದೆ. ಇಂಥ ಹೊತ್ತಿನಲ್ಲಿ ಸಮಾಧಾನಕ್ಕಿಂತ ಕೆಲಸ ಹೇಳುವುದು ಒಳ್ಳೆಯದು.

ಬೆಳಿಗ್ಗೆ ಮೈದುನನ ಹುಂಜವನ್ನು ತಾವೇ ಅಟ್ಟಿಸಿಕೊಂಡು ಹೋಗಿ, ಎರಡು ಸಲ ಬಿದ್ದು, ಹಿಡಿದರು. ಜೆಲಿಪಾ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ನಮ್ಮನ್ನು ಕಂಡು ಮಂಡಿಯೂರಲು ಹೋದಳು.

"ಕೂತ್ಕೊಳೇ ಇಲಿ ತಿನ್ನೋಳೆ," ಎಂದರು ನಮ್ಮವರು. "ಇದಕ್ಕೆ ಕೋಳಿ ಅಂತಾರೆ. ಬಿಲದಲ್ಲಿ ಇರಲ್ಲ, ಹೆದರ್ಬೇಡ."

ಜೆಲಿಪಾ ಹುಂಜವನ್ನು ಕೈಯಲ್ಲೆತ್ತಿ ತೂಗಿ ನೋಡಿದಳು. "ಹುಂಜಾನೋ, ನಿನ್ನ ಭಾಷಣಾನೋ ಇದು? ಬರೀ ಪುಕ್ಕ, ಒಳಗೇನೂ ಇಲ್ಲ!"

ನಮ್ಮವರು ನಕ್ಕು ನಕ್ಕು ಬೋರಲು ಹಾಕಿದ ಒರಳಿನ ಮೇಲೆ ಕುಸಿದು ಕೂತರು. ನಗು ನಿಂತ ಮೇಲೆ ಕೇಳಿದರು: "ಜೆಲಿಪಾ, ನಿಜ ಹೇಳು. ನಿಲ್ಲಲೋ, ಬೇಡವೋ?"

ಅವಳು ಕಡಲೆಕಾಯಿ ಕೆಳಗಿಟ್ಟಳು. "ನಿಂತು ಗೆದ್ರೆ ಎಲ್ರೂ ನಿಂಗೆ 'ಮಂತ್ರಿಗಳೇ' ಅಂತಾರೆ, ಬೈಯೋರೇ ಇರಲ್ಲ. ಸೋತ್ರೆ ಅಯ್ಯೋ ಪಾಪ ಅಂತಾರೆ, ಆಗ್ಲೂ ಬೈಯೋಕಾಗಲ್ಲ. ನಿಲ್ದೇ ಇದ್ರೆ ನಾನು ಸಾಯೋವರೆಗೂ ನಿನ್ನ ಬೈಕೊಂಡು ಸುಖವಾಗಿರ್ತೀನಿ."

ನಮ್ಮವರು ಜೇಬಿನಿಂದ ಫೋನು ತೆಗೆದು ಕಾರ್ಯದರ್ಶಿಗೆ ಹಚ್ಚಿದರು.

"ನಾನು ನಿಲ್ತಿಲ್ಲಪ್ಪ... ಏನು? ನಾನಲ್ದೆ ಇನ್ಯಾರಾ? ನಿನಗೇ ಆಸೆ ಇದೆ, ನಂಗೊತ್ತಿಲ್ವಾ? ನಿಂತ್ಕೋ. ಹಳ್ಳಿಗೆ ಬಂದು ಮೊದ್ಲು ಬೈಸಿಕೊಳ್ಳೋದು ಕಲಿ."

ಫೋನು ಇಟ್ಟಾಗ ಅವರ ಮುಖ ಹಗುರಾಗಿತ್ತು. ನನ್ನ ಎದೆಯೂ.

"ಮುಗೀತಾ ರಾಜಕಾರ್ಯ?" ಜೆಲಿಪಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇಲ್ಲಿ ಕೂತು ಗೊರಕೆ ಹೊಡೆದ್ರೆ ಊಟ ಹಾಕಲ್ಲ ನಾನು. ಸೌದೆ ಒಡಿ, ನಡಿ!"

ನಮ್ಮವರು ಅಂಗಿಯ ತೋಳು ಮಡಚುತ್ತ, ಕೊಡಲಿ ಎಲ್ಲಿದೆ ಎಂದು ಕೇಳಿದರು.